ಕಲಗಚ್ಚಿನ ಬಕೀಟು

ಬಕೀಟಿನಲ್ಲಿ ತೇಲುತ್ತಿದ್ದುದು ಮೂಲಂಗಿ ಚೂರಲ್ಲ, ಮೊಟ್ಟೆಯ ಸಿಪ್ಪೆ. ಅಲಮೇಲಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದರು. ಅನುಮಾನಪಡುವುದರಲ್ಲಿ ರಾಜಾಜಿನಗರದ ಆ ಬೀದಿಯಲ್ಲೇ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಇದಕ್ಕೆ ಅನುಮಾನ ಬೇಕಾಗಿಯೇ ಇರಲಿಲ್ಲ.

"ಚಿಕ್ಕಗಂಗಮ್ಮ, ಇದು ಯಾರ ಮನೇದು?"

ಚಿಕ್ಕಗಂಗಮ್ಮ ಕಾಮಾಕ್ಷಿಪಾಳ್ಯದಲ್ಲಿ ಎರಡು ಎಮ್ಮೆ ಕಟ್ಟಿಕೊಂಡಿದ್ದವಳು. ಬೆಳಿಗ್ಗೆ ಮನೆಮನೆಗೆ ಹಾಲು ಹಾಕಿ, ಅವರು ಕೂಡಿಟ್ಟ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನವನ್ನೆಲ್ಲ ಬಕೀಟಿಗೆ ಸುರಿದುಕೊಂಡು ಎಮ್ಮೆಗಳಿಗೆ ಒಯ್ಯುತ್ತಿದ್ದಳು. ಅಲಮೇಲಮ್ಮನದು ಕೊನೆಯ ಮನೆ. ಅಲ್ಲಿಗೆ ಬರುವ ಹೊತ್ತಿಗೆ ಬಕೀಟು ಮುಕ್ಕಾಲು ತುಂಬಿದ್ದು, ಅಲ್ಲಿಯದೂ ಬಿದ್ದ ಮೇಲೆ ಭರ್ತಿಯಾಗುತ್ತಿತ್ತು. ಆರು ಮನೆಯದು ಕಲೆತಿರುತ್ತದೆ, ಯಾರದೆಂದು ಹೇಳಲಿ ಎನ್ನುತ್ತ ಅವಳು ಸಿಪ್ಪೆಯನ್ನು ಸರಕ್ಕನೆ ಹೆಕ್ಕಿ ಮಡಿಲಿಗೆ ಹಾಕಿಕೊಂಡಳು. ಆ ಅವಸರ ಅಲಮೇಲಮ್ಮನಿಗೆ ಹಿಡಿಸಲಿಲ್ಲ.

ಆ ಎಮ್ಮೆಯ ಹಾಲೇ ದೇವರ ನೈವೇದ್ಯಕ್ಕೆ. ಅದೇ ಹಾಲೇ ಸೊಸೆ ಜಲಜಾಗೂ. ಜಲಜಾಗೆ ಎರಡು ಬಸಿರು ನಿಲ್ಲದೆ ಹೋಗಿ, ಈಗ ಮೂರನೆಯದಕ್ಕೆ ನಾಲ್ಕು ತಿಂಗಳು ತುಂಬಿತ್ತು. ಮೊಟ್ಟೆ ಸಿಪ್ಪೆ ತಿಂದ ಎಮ್ಮೆಯ ಹಾಲು ಹೊಟ್ಟೆಗೆ ಹೋದರೆ ಏನಾದೀತೋ ಎಂದು ಅಲಮೇಲಮ್ಮನ ಜೀವ ಹೊಡೆದುಕೊಂಡಿತು. ಮೂರನೇ ಮನೆಗೆ ಹೊಸದಾಗಿ ಬಂದ ಬಾಡಿಗೆಯವರೇ? ಮೂಲೆಮನೆಯ ಮೇಷ್ಟರೇ? ಹೊರಗೆ ನಾಮ, ಒಳಗೆ ಏನಿದೆಯೋ ಯಾರು ಕಂಡರು!

ತಮ್ಮ ಮನೆಯ ಯೋಚನೆ ಅವರಿಗೆ ಬರಲೇ ಇಲ್ಲ. ಅಲ್ಲಿಂದ ಬೀದಿಯ ತೊಟ್ಟಿಗೆ ಒಂದು ಕಡ್ಡಿಯೂ ಹೋಗುತ್ತಿರಲಿಲ್ಲ. ತೆಂಗಿನ ಚಿಪ್ಪು ಬಚ್ಚಲೊಲೆಗೆ, ಒಲೆಯ ಬೂದಿ ಪಾತ್ರೆ ಉಜ್ಜಲಿಕ್ಕೆ, ಹಿಂಡಿದ ಹುಣಸೆಹಣ್ಣು ಹಿತ್ತಾಳೆಗೆ, ಕಾಫಿ ಚರಟ ಗುಲಾಬಿಯ ಬುಡಕ್ಕೆ, ಮಿಕ್ಕಿದ್ದೆಲ್ಲ ಎಮ್ಮೆಗೆ. ಮನೆಯವರು ಯಾರಾದರೂ ಪೊಟ್ಟಣ ಹಿಡಿದು ತೊಟ್ಟಿಯ ಕಡೆ ಹೆಜ್ಜೆ ಹಾಕಿದರೆ, ಏನದು, ಯಾಕೆ ಎಸೀತೀರಿ ಎಂದು ಜಗಲಿಯಿಂದಲೇ ವಿಚಾರಣೆ ಶುರುವಾಗುತ್ತಿತ್ತು.

ಸಂಜೆ ಮಗ ಕಿಟ್ಟಿ ಕಾರ್ಖಾನೆಯಿಂದ ಬಂದ. ಅವನ ಟಿಫನ್ ಕ್ಯಾರಿಯರ್ ಎಂದಿನಂತೆ ಅಡಿಗೆಮನೆಗೆ ಬರದೆ ಜಲಜಾಳ ಕೋಣೆಗೆ ಹೋಯಿತು. ಒಂದು ತಿಂಗಳಿಂದ ಇದನ್ನು ಗಮನಿಸಿದ್ದ ಅಲಮೇಲಮ್ಮ, ಹೋಟೆಲಿನ ಜಾಮೂನು ಹೆಂಡತಿಗೆ ಮಾತ್ರ ತರುತ್ತಾನೆ ಎಂದು ಒಳಗೊಳಗೇ ನೊಂದುಕೊಂಡಿದ್ದರು. ಆವತ್ತು ಅವರಿಗೆ ಜಾಮೂನಿನ ಚಿಂತೆಗೂ ಪುರುಸೊತ್ತಿರಲಿಲ್ಲ.

ಮರುದಿನ ಚಿಕ್ಕಗಂಗಮ್ಮನನ್ನು ಗೇಟಿನ ಹತ್ತಿರ ತಡೆದು, ಮನೆಯವರ ಕಿವಿಗೆ ಬೀಳದ ಹಾಗೆ ಅಪ್ಪಣೆ ಕೊಟ್ಟರು. ನಾಳೆ ಬಕೀಟು ತೊಳೆದುಕೊಂಡು ಮೊದಲು ಇಲ್ಲಿಗೇ ಬರಬೇಕು. ಇಲ್ಲಿಯದನ್ನು ಸುರಿದುಕೊಂಡ ಮೇಲೆ ತಾವೂ ಜೊತೆಗೆ ಬಂದು ಒಂದೊಂದು ಗೇಟಿನಲ್ಲೂ ನಿಂತು ನೋಡುವವರೇ. ಒಪ್ಪದಿದ್ದರೆ ನಾಳಿದ್ದಿನಿಂದ ಹಾಲೂ ಬೇಡ, ಕಲಗಚ್ಚೂ ಇಲ್ಲ.

"ಬ್ಯಾಡ ಬಿಡಿ ಅಮ್ಮಾವ್ರೇ," ಎಂದಳು ಚಿಕ್ಕಗಂಗಮ್ಮ. "ನಾನೇ ಆರಿಸಿ ತೆಗೀತೀನಿ."

ಕಳ್ಳಿ ಇವಳೇ ಎಂದು ಅಲಮೇಲಮ್ಮನಿಗೆ ಖಾತ್ರಿಯಾಯಿತು.

ಮಾರನೆಯ ಬೆಳಿಗ್ಗೆ ಅವರು ಸ್ನಾನ ಮಾಡಿ, ಮಡಿಯುಟ್ಟು ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಚಿಕ್ಕಗಂಗಮ್ಮ ಬಕೀಟನ್ನು ಬೋರಲು ಹಿಡಿದು ತೋರಿಸಿದಳು. ತಳ ಫಳಫಳ ಎನ್ನುತ್ತಿತ್ತು. ಆಮೇಲೆ ಮನೆಯ ಕಲಗಚ್ಚಿನ ಪಾತ್ರೆಯನ್ನು ಅದಕ್ಕೆ ಬಗ್ಗಿಸಿದಳು. ಅಕ್ಕಿ ನೀರು ಬಿತ್ತು, ಹೀರೇಕಾಯಿ ಸಿಪ್ಪೆ ಬಿತ್ತು. ಕೊನೆಗೆ ಸುರುಳಿ ಸುತ್ತಿದ ಬಾಳೆಹಣ್ಣಿನ ಸಿಪ್ಪೆಯೊಂದು ಬಿದ್ದು, ನೀರಿನಲ್ಲಿ ಬಿಚ್ಚಿಕೊಂಡಿತು. ಒಳಗಿನಿಂದ ಬೆಳ್ಳನೆಯ ಅರ್ಧ ಚಿಪ್ಪು ತೇಲಿ ಮೇಲೆ ಬಂತು.

ಚಿಕ್ಕಗಂಗಮ್ಮ ಮೊಣಕೈವರೆಗೆ ಕೈ ಹಾಕಿ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ನಂದೇ ತಪ್ಪು ಕಣಮ್ಮಾವ್ರೇ. ಬಕೀಟು ಸಂದಾಗಿ ತೊಳೀಲಿಲ್ಲ. ನಾಳೆಯಿಂದ ಬರಾಕಿಲ್ಲ ಬಿಡಿ."

ಬಕೀಟಿನ ತಳವನ್ನು ಅಲಮೇಲಮ್ಮ ಕಣ್ಣಾರೆ ನೋಡಿದ್ದರು. ಅವರು ನಿಧಾನವಾಗಿ ಹಿಂದಿರುಗಿದರು. ಅಡಿಗೆಮನೆಯ ಬಾಗಿಲಲ್ಲಿ ಜಲಜಾ ಕಾಫಿ ಫಿಲ್ಟರ್ ಹಿಡಿದು ನಿಂತಿದ್ದಳು. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

"ಡಾಕ್ಟರಮ್ಮ ಹೇಳಿದ್ದು ಅಮ್ಮ," ಎಂದಳು. "ರಕ್ತ ಸಾಲದು, ದಿನಾ ಒಂದು ತಿನ್ನದೇ ಇದ್ರೆ ಇದೂ ನಿಲ್ಲೋದು ಕಷ್ಟ ಅಂದ್ರು. ಬೇಯಿಸಿದ್ದನ್ನ ಇವರೇ ತಂದ್ಕೊಡ್ತಾರೆ. ಸಿಪ್ಪೇನ ಎಲ್ಲಿ ಹಾಕ್ಬೇಕೋ ಗೊತ್ತಾಗ್ಲಿಲ್ಲ."

ಈ ಮನೆಯಲ್ಲಿ, ಪೆರುಮಾಳ್ ದೇವರ ಕೋಣೆಯಿಂದ ಹತ್ತು ಹೆಜ್ಜೆಯಲ್ಲಿ! ಮಗ, ಸೊಸೆ, ಹಾಲಿನವಳು ಮೂವರೂ ಸೇರಿ ತಮ್ಮ ಕಣ್ಣಿಗೆ ಮಣ್ಣೆರಚಿದ್ದರು. ಅಲಮೇಲಮ್ಮ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಒಲೆಯ ಕಟ್ಟೆಯ ಮೇಲಿನ ಒರೆಸುವ ಬಟ್ಟೆ ಕಣ್ಣಿಗೆ ಬಿತ್ತು. ಅವರದೇ ಹಳೆಯ ನೂಲಿನ ಸೀರೆಯ ತುಂಡು. ಎರಡು ಸಲವೂ ಬರಲಿರುವ ಕೂಸಿಗೆಂದು ಮೆತ್ತನೆಯ ಸೀರೆ ಹರಿದು, ಅಂಚು ಹೊಲಿದು, ಮಡಿಸಿಟ್ಟಿದ್ದರು. ಎರಡು ಸಲವೂ ಆಮೇಲೆ ಅದನ್ನು ಎಸೆಯದೆ ಅಡಿಗೆಮನೆಗೆ ತಂದಿದ್ದರು.

"ಗಂಗಮ್ಮ, ಕೈ ಬಿಚ್ಚು."

ಮಡಿಯಲ್ಲಿದ್ದ ಕೈಯನ್ನು ಅಲಮೇಲಮ್ಮ ಮುಂದೆ ಚಾಚಿದರು. ಚಿಕ್ಕಗಂಗಮ್ಮ ಅನುಮಾನಿಸಿ ಅನುಮಾನಿಸಿ ಒದ್ದೆ ಸಿಪ್ಪೆಯನ್ನು ಅದರಲ್ಲಿ ಹಾಕಿದಳು.

"ನಾಳೆ ಹೊತ್ತಿಗೆ ಸರಿಯಾಗಿ ಬಾ," ಎಂದರು ಅಲಮೇಲಮ್ಮ. ಆಮೇಲೆ ಸೊಸೆಯ ಮುಖ ನೋಡದೆ, "ಇನ್ಮೇಲೆ ಇದನ್ನ ಕಲಗಚ್ಚಿಗೆ ಹಾಕ್ಬೇಡ ಕಣೇ. ಎಮ್ಮೆ ಗಂಟಲಿಗೆ ಚುಚ್ಚುತ್ತೆ," ಎಂದರು.

ಗುಲಾಬಿ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ನಿನ್ನೆಯ ಕಾಫಿ ಚರಟವನ್ನು ಬೆರಳಿನಿಂದ ಸರಿಸಿ, ಸಿಪ್ಪೆಯನ್ನು ಪುಡಿಮಾಡಿ ಹಾಕಿ ಮಣ್ಣೆಳೆದರು. ಆಮೇಲೆ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡರು. ಒಲೆ ಆಗಲೇ ಆರಿತ್ತು. ತಣ್ಣೀರನ್ನು ಚೊಂಬು ಚೊಂಬಾಗಿ ತಲೆಯ ಮೇಲೆ ಸುರಿದುಕೊಳ್ಳುವ ಸದ್ದು ಅಡಿಗೆಮನೆಯವರೆಗೂ ಕೇಳುತ್ತಿತ್ತು.