ಒಬ್ಬರ ಸೀಟು

ಕೆಂಗೇರಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಣ್ಣ ಯೋಗಾನಂದ ಹೆಲಿಕಾಪ್ಟರ್ ಮಾಡಲು ಹೊರಟಾಗ ಮೊದಲು ತೂಗಿದ್ದು ನನ್ನನ್ನು. ಅವನಿಗೆ ಸಿಕ್ಕಿದ್ದ ಎಂಜಿನ್ ಸಣ್ಣದು, ದಪ್ಪಗಿರುವವರನ್ನು ಎತ್ತುವಂತಿರಲಿಲ್ಲ.

"ನಲವತ್ತೆರಡು ಕೇಜಿ! ನೀನೇ ಕಣೇ ಪೈಲಟ್, ಕುಸುಮಾ," ಎಂದ.

ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಸೀಟು, ಪೆಡಲು, ಹಿಡಿಕೆ ಎಲ್ಲವನ್ನೂ ಅವನು ನನ್ನ ಕೈಕಾಲಿನ ಅಳತೆಗೇ ಕೂರಿಸಿದ. ಆಗಾಗ ಇಡೀ ಯಂತ್ರವನ್ನು ತೊಲೆಯ ಸರಪಳಿಗೆ ತೂಗುಹಾಕಿ, ನನ್ನನ್ನು ಕೂರಿಸಿ, ಮೂತಿ ಬಾಗುತ್ತದೋ ಬಾಲ ಬಾಗುತ್ತದೋ ನೋಡುತ್ತಿದ್ದ. ಬಾಗಿದರೆ ಎಂಜಿನ್ನನ್ನು ಒಂದಿಷ್ಟು ಸರಿಸುತ್ತಿದ್ದ. ಕೊನೆಗೊಂದು ದಿನ ನಾನು ಕೂತಾಗ ಅದು ಅಲುಗಾಡದೆ ಸಮನಾಗಿ ನಿಂತಿತು. ನೆಲದಿಂದ ಒಂದು ಗೇಣು ಮೇಲೆ, ಅಷ್ಟೇ. ನನಗೆ ಅದೇ ಆಕಾಶ.

ಆಯುಧಪೂಜೆಗೆ ಅಣ್ಣ ಮದುವೆಯಾಗಲಿದ್ದ ವತ್ಸಲಾಳ ಮನೆಯವರು ಬಂದರು. ಯಂತ್ರಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಸರಪಳಿಗೆ ಏರಿಸಿದ್ದೆವು. ಅಭ್ಯಾಸದಂತೆ ನಾನು ಸೀಟಿನ ಕಡೆ ಹೋದೆ.

"ಏನಿದು, ಹೆಣ್ಣುಮಗಳ ಕೈಲಿ ಹಾರಿಸ್ತೀರಾ? ನಮ್ಮ ಅಳಿಯಂದ್ರಿಗೆ ಭಯಾನಾ?" ವತ್ಸಲಾಳ ಅಮ್ಮ ನಕ್ಕರು.

"ಅಯ್ಯೋ ಇಲ್ಲ ಆಂಟಿ, ಅವಳು ತೂಕಕ್ಕೆ ಅಷ್ಟೇ. ಹಾರಿಸೋದು ನಾನೇ." ಅಣ್ಣ ನನ್ನ ಮುಖ ನೋಡದೆ ಹತ್ತಿ ಕೂತ.

ಕೂತದ್ದೇ ತಡ, ಮೂತಿ ಧಡ್ಡನೆ ನೆಲಕ್ಕೆ ಬಡಿಯಿತು. ವತ್ಸಲಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.

"ಏನೇ ನೋಡ್ತಾ ನಿಂತಿದೀಯಾ? ಹಿಂದೆ ಹೋಗಿ ಬಾಲ ಒತ್ತು," ಎಂದು ಅಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದ.

ಒತ್ತಿ ಹಿಡಿದೆ. ಯಂತ್ರ ಸಮನಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವತ್ಸಲಾ ಫೋನ್ ಹಿಡಿದು, "ಸ್ವಲ್ಪ ಬಗ್ಗಮ್ಮ ಕುಸುಮಾ, ಫೋಟೋದಲ್ಲಿ ನೀನೂ ಬರ್ತಿದೀಯ," ಎಂದಳು. ಬಗ್ಗಿದೆ.

ಮರುದಿನವೇ ಅಣ್ಣ ನನ್ನ ಸೀಟನ್ನು ಬಿಚ್ಚಿ ಅಗಲವಾದದ್ದನ್ನು ಕೂರಿಸಿದ. ಬಾಲಕ್ಕೆ ಕಬ್ಬಿಣದ ತುಂಡೊಂದನ್ನು ಬಿಗಿದ.

"ಎಂಜಿನ್ ಇಷ್ಟು ಎತ್ತಲ್ಲ ಅಂತ ನೀನೇ ಅಂದಿದ್ದೆ," ಎಂದೆ.

"ಸುಮ್ನಿರೇ. ಮದುವೆ ಹೊತ್ತಿಗೆ ತೆಳ್ಳಗಾಗ್ತೀನಿ."

ಕಬ್ಬಿಣವೂ ತೆಳ್ಳಗಾಗುತ್ತದಾ ಎಂದು ನಾನು ಕೇಳಲಿಲ್ಲ.

ಖಾಲಿ ಸೈಟಿಗೆ ಒಯ್ದು ಶುರು ಮಾಡಿದಾಗ ಎಂಜಿನ್ ಅರಚಿತು, ಧೂಳೆದ್ದಿತು, ಯಂತ್ರ ಮಾತ್ರ ನೆಲ ಬಿಡಲಿಲ್ಲ. ಈಗ ಅದು ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗಿದೆ.

ವತ್ಸಲಾ ತೆಗೆದ ಆ ಫೋಟೋ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಸರಪಳಿ ಕಾಣುವುದಿಲ್ಲ. ಬಂದವರು, "ಪರವಾಗಿಲ್ವೇ, ನೆಲ ಬಿಟ್ಟಿದೆ!" ಎನ್ನುತ್ತಾರೆ. ಅಣ್ಣ ನಗುತ್ತಾನೆ. ಬಾಲದ ಮೇಲಿನ ಚೆಂಡುಹೂವುಗಳ ನಡುವೆ ನಾಲ್ಕು ಬೆರಳುಗಳಿವೆ. ಯಾರವು ಎಂದು ಈವರೆಗೆ ಯಾರೂ ಕೇಳಿಲ್ಲ.