ಹೆಚ್ಚಾದ ಒಂದು ತೂತು

ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಕೋಕಿಲಾಳ ಚಪ್ಪಲಿಯ ಪಟ್ಟಿ ಕಿತ್ತು ಕೈಗೆ ಬಂತು.

"ಎಸದು ಬಿಡ್ತೀನಿ. ಸಂಜಿಗೆ ಮೆಹದಿಪಟ್ಟಣಂದಾಗ ಇಳದು ಹೊಸಾದು ತಗೋತೀನಿ."

"ನನ್ನ ಮುಂದ ಚಪ್ಪಲಿ ಎಸಿಯೋ ಮಾತಾಡಬ್ಯಾಡ, ನಮ್ಮಪ್ಪ ಎದ್ದು ಬರ್ತಾನ" ಎಂದು ನಕ್ಕು ಸುವರ್ಣಾ ಚೀಲದಿಂದ ದಬ್ಬಳ, ದಪ್ಪ ದಾರ ತೆಗೆದಳು. ನಾಲ್ಕು ಹೊಲಿಗೆ ಹಾಕಿದಳು. ಕೊನೆಗೆ ಸೂಜಿ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೊಂದು ತೂತು ಮಾಡಿ, ಮುಂದೆ ಬಂತು. ಅವಳ ಕೈ ಅಲ್ಲೇ ನಿಂತಿತು.

ನಿನ್ನೆಯೂ ಹೀಗೇ ಸರಿದಿತ್ತು.

ಅಪ್ಪ ಹುಮನಾಬಾದಿನಿಂದ ಈ ತೆಲುಗು ಶಹರಕ್ಕೆ ಬಂದು ಸುಲ್ತಾನ್ ಬಜಾರಿನ ಫುಟ್‌ಪಾತಿನಲ್ಲಿ ಮೂವತ್ತು ವರ್ಷ ಚಪ್ಪಲಿ ಹೊಲಿದವನು. ಹೊಲಿಗೆ ಮುಗಿಸುವ ಮುನ್ನ ಒಂದು ಹೆಜ್ಜೆ ಹಿಂದೆ ಹೋಗಿ ಬಿಗಿ ಮಾಡುವುದನ್ನು ಮಗಳಿಗೂ ಕಲಿಸಿದ್ದ. ಚರ್ಮಕ್ಕೆ ಅದು ಸರಿ. ಆದರೆ ಈ ಕಾರ್ಖಾನೆಯಲ್ಲಿ ಸುವರ್ಣಾ ಹೊಲಿಯುವುದು ಹೃದಯದ ಕವಾಟ. ದನದ ಹೃದಯವನ್ನು ಸುತ್ತಿರುವ ಪೊರೆಯನ್ನು ಹದ ಮಾಡಿ, ಮೂರು ಎಸಳು ಕತ್ತರಿಸಿ, ಬಟ್ಟೆ ಸುತ್ತಿದ ಪುಟ್ಟ ಚೌಕಟ್ಟಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕು. ಪೊರೆ ಒಣಗದಂತೆ ಆಗಾಗ ನೀರು ಹನಿಸುತ್ತಿರಬೇಕು. ಪ್ರತಿ ತೂತಿಗೂ ಲೆಕ್ಕವಿದೆ. ಯಾರದೋ ಎದೆಯೊಳಗೆ ದಿನಕ್ಕೆ ಲಕ್ಷ ಸಲ ತೆರೆದು ಮುಚ್ಚುವ ಎಸಳು ಅದು. ಹೆಚ್ಚಾದ ಒಂದು ತೂತು ಸಾಕು, ಹರಿಯುವುದು ಅಲ್ಲಿಂದಲೇ ಶುರುವಾಗಬಹುದು.

ನಿನ್ನೆ ಪಕ್ಕದ ಕುರ್ಚಿ ಖಾಲಿಯಿತ್ತು. ಅಲ್ಲಿ ಕೂರುವ ಹೆಂಗಸು ರಜೆ ಹಾಕಿದ್ದರಿಂದ ಅವಳ ಅರ್ಧ ಮುಗಿದ ಕವಾಟವೂ ಇವಳ ತಟ್ಟೆಗೇ ಬಂದಿತ್ತು. ಸಂಜೆಗೆ ಕಣ್ಣುಗಳು ಉರಿಯುತ್ತಿದ್ದವು. ತನ್ನ ಕವಾಟದ ಕೊನೆಯ ಎಸಳಿನ ಮೂಲೆಯಲ್ಲಿ ಕೈ ಹಳೆಯ ದಾರಿ ಹಿಡಿದದ್ದು ಈಗ ನೆನಪಾಯಿತು.

ಸುವರ್ಣಾ ಅದನ್ನು ಹೇಳಿದಾಗ ಕೋಕಿಲಾ ಗಾಬರಿಯಾದಳು. "ತಪಾಸಣಿಯವರೇ ಪಾಸ್ ಮಾಡ್ಯಾರ. ನಿಂದೇನೈತಿ? ಸೋಮವಾರ ಪರ್ಮನೆಂಟ್ ಆಗೋರ ಪಟ್ಟಿ ಹಚ್ತಾರ. ಅಲ್ಲೀತನಕ ಬಾಯಿ ಮುಚ್ಚಿಕೊಂಡಿರು."

"ಇವತ್ತ ನಾಕು ಗಂಟೆಕ್ಕ ಕವಾಟದ ಡಬ್ಬಿ ಸೀಲ್ ಮಾಡ್ತಾರ. ಸೋಮವಾರಕ್ಕ ಅದು ಎಲ್ಲಿ ಹೋಗಿರ್ತೈತೋ, ಮುಂದ ಯಾರ ಎದಿ ಸೇರ್ತೈತೋ."

"ನಾಕು ವರ್ಷ ಕಾಂಟ್ರ್ಯಾಕ್ಟಿನ್ಯಾಗ ತೇದೀಯಲ್ಲಬೇ!"

ಸುವರ್ಣಾ ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟು ಎದ್ದಳು.

ಮೇಲ್ವಿಚಾರಕ ಜಯತೀರ್ಥ ರಾಯಚೂರಿನವನು. ಉಳಿದವರೊಡನೆ ತೆಲುಗು, ಇವರಿಬ್ಬರೊಡನೆ ಕನ್ನಡ. ಅವಳ ಮಾತು ಕೇಳಿ ಡಬ್ಬಿಯಿಂದ ಕವಾಟ ತೆಗೆಸಿ, ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದ.

"ಐತಿ. ಆದ್ರ ಇಷ್ಟಕ್ಕ ಏನೂ ಆಗೂದಿಲ್ಲ ಬಿಡ್ರಿ."

"ಆಗೂದಿಲ್ಲ ಅಂತ ಬರದು ಸಹಿ ಹಾಕ್ರಿ ಸರ್."

ಜಯತೀರ್ಥ ಸಹಿ ಹಾಕಲಿಲ್ಲ. ತಿರಸ್ಕರಿಸಿದ ಮಾಲಿನ ಹಾಳೆ ಎಳೆದುಕೊಂಡು, 'ಕಾರಣ' ಎಂಬಲ್ಲಿ ಇಂಗ್ಲಿಷಿನಲ್ಲಿ ಬರೆದ. ಏನು ಬರೆದಿರಿ ಎಂದು ಅವಳು ಕೇಳಿದ್ದಕ್ಕೆ ಕನ್ನಡದಲ್ಲಿ ಹೇಳಿದ: "ಕೆಲಸದಾಕಿಯ ಹಳೀ ಕಸುಬಿನ ರೂಢಿ. ನಿಮ್ಮ ಮನಿತನದ ಕೈ, ಎಲ್ಲಿ ಹೋಗ್ತೈತಿ ಹೇಳ್ರಿ?"

ಬೈಗುಳದಂತೇನೂ ಹೇಳಲಿಲ್ಲ ಅವನು. ಹೊರಗೆ ಬಿಸಿಲು ಜಾಸ್ತಿ ಎಂದಷ್ಟು ಸಲೀಸಾಗಿ ಹೇಳಿದ. ಸುವರ್ಣಾಗೆ ಉರಿದದ್ದು ಅದಕ್ಕೇ. ಕೆಲಸಕ್ಕೆ ತೆಗೆದುಕೊಂಡ ದಿನ ಇದೇ ಕೈ ನೋಡಿ, ಇಂಥ ಹೊಲಿಗೆ ತರಬೇತಿಯಿಂದ ಬರುವುದಿಲ್ಲ ಎಂದಿದ್ದರು. ಹೊಲಿಗೆ ಚೆನ್ನಾಗಿದ್ದಷ್ಟು ದಿನ ಕೈ ಕಂಪನಿಯದು. ಒಂದು ತೂತು ತಪ್ಪಿತು, ಕೈ ಜಾತಿಯದಾಯಿತು.

"ಕೈ ನಮ್ಮಪ್ಪಂದು ಸರ್. ತೂತು ನಂದು. ಆದ್ರ ನಿನ್ನಿ ಇಬ್ಬರ ಕೆಲಸ ಒಬ್ಬಾಕಿಗೆ ಹಚ್ಚಿದವರು ಯಾರು? ಅದನ್ನೂ ಬರೀರಿ."

"ಈ ಹಾಳ್ಯಾಗ ಅದಕ್ಕ ಜಾಗಾ ಇಲ್ಲ."

"ಅಂಚಿನ್ಯಾಗ ಬರೀರಿ. ನಾ ಅದಕ್ಕಿಂತ ಸಣ್ಣ ಜಾಗಾದಾಗ ಹೊಲೀತೀನಿ."

ಊಟ ಮುಗಿಸಿ ಹಿಂದಿನ ಸಾಲಿನಲ್ಲಿ ಹೊಲಿಗೆಗೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ಜಯತೀರ್ಥನ ಮುಖ ಕೆಂಪಾಯಿತು. "ನೋಡ್ರಿ, ಹಾಳಿಗೆ ಹೊಲದಾಕಿ ಸಹಿ ಬೇಕು, ಮಾಡ್ತಿದ್ರ ಮಾಡ್ರಿ. ಇಲ್ಲಂದ್ರ ಹಾಳಿ ಹರದು ಹಾಕಿ ಇದನ್ನ ಮತ್ತ ಡಬ್ಬಿಗೆ ಹಾಕ್ತೀನಿ. ಪಾಸಾದ ಮಾಲು ಅದು."

ಅಲ್ಲಿ ಅವಳನ್ನು ಸಿಕ್ಕಿಸಿಹಾಕಿದ್ದ. ಸಹಿ ಮಾಡಿದರೆ ಅರ್ಧ ಸತ್ಯ ಅವಳ ಹೆಸರಿನಲ್ಲಿ ಉಳಿಯುತ್ತದೆ. ಮಾಡದಿದ್ದರೆ ಯಾವನೋ, ಯಾವಳೋ ಆ ತೂತನ್ನು ಎದೆಯಲ್ಲಿ ಹೊತ್ತು ತಿರುಗಬೇಕು. ಕವಾಟ ಇಡಿಯಾಗಿ ಇರುವತನಕ ಈ ಚೌಕಾಸಿ ಮುಗಿಯುವುದಿಲ್ಲ ಎಂದು ಅವಳಿಗೆ ಹೊಳೆಯಿತು.

ತಿರಸ್ಕರಿಸಿದ ಕವಾಟವನ್ನು ಹೊಲಿದವಳೇ ಕತ್ತರಿಸಬೇಕು, ಅದು ಅಲ್ಲಿಯ ಪದ್ಧತಿ. ಆದರೆ ಸಹಿಯ ನಂತರ. ಸುವರ್ಣಾ ಸಹಿಗೆ ಕಾಯಲಿಲ್ಲ. ಕತ್ತರಿ ತೆಗೆದುಕೊಂಡಳು. ಒಂದು ಎಸಳು, ಎರಡು, ಮೂರು. ಮೂರು ದಿನದ ದುಡಿಮೆ ಒದ್ದೆ ಚೂರುಗಳಾಗಿ ತಟ್ಟೆಗೆ ಬಿತ್ತು.

"ಏನ್ ಮಾಡಿದ್ರಿ ಇದು!"

"ಈಗ ಬರೀಬೇಕಾಗ್ತೈತಿ ಸರ್. ನಂಬರ್ ಇದ್ದ ಮಾಲು ಎಲ್ಲಿ ಹೋತು ಅಂತ ಮ್ಯಾಲಿನವ್ರು ಕೇಳೇ ಕೇಳ್ತಾರ. ನನ್ನ ಸಹಿ ಬೇಕಂದ್ರ ನಿಜಾ ಬರೀರಿ."

ಸಾಲಿನ ಹೆಂಗಸರೆಲ್ಲ ಸೂಜಿ ನಿಲ್ಲಿಸಿ ನೋಡುತ್ತಿದ್ದರು. ಜಯತೀರ್ಥ ಮೊದಲು ಬರೆದದ್ದನ್ನು ಹೊಡೆದುಹಾಕಿದ. ಅಂಚಿನಲ್ಲಿ ಸಣ್ಣಗೆ ಎರಡು ಸಾಲು ಬರೆದ. ಕೋಕಿಲಾ ಬಂದು ಗಟ್ಟಿಯಾಗಿ ಓದಿ ತೆಲುಗಿನಲ್ಲೂ ಕನ್ನಡದಲ್ಲೂ ಅರ್ಥ ಹೇಳಿದಳು: "ಒಂದು ತೂತು ಹೆಚ್ಚು. ಅವತ್ತ ಒಬ್ಬಾಕಿಗೆ ಇಬ್ಬರ ಕೆಲಸ ಹಚ್ಚಿತ್ತು." ಸುವರ್ಣಾ ಅದರ ಕೆಳಗೆ ಪೂರ್ತಿ ಹೆಸರು ಬರೆದಳು.

ಸೋಮವಾರದ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಆದರೆ ಅಂದು ಅವಳ ಸಾಲಿನಲ್ಲಿ ಯಾರ ತಟ್ಟೆಯಲ್ಲೂ ಒಂದಕ್ಕಿಂತ ಹೆಚ್ಚು ಕವಾಟವಿರಲಿಲ್ಲ.