ಕೊನೆಯ ನಲವತ್ತು ಹೆಜ್ಜೆ

ಗಡಿಯಾರ ರಿಪೇರಿಯವರು ದಿನಾ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ನಿಂತು ತಮ್ಮ ಬಿಳಿ ಕೋಲನ್ನು ಮಡಚಿ ಚೀಲದೊಳಗೆ ತುರುಕುತ್ತಿದ್ದರು. ಅಲ್ಲಿಂದ ಅಂಗಡಿಗೆ ನಲವತ್ತು ಹೆಜ್ಜೆ. ಮನೆಯಿಂದ ಅಷ್ಟು ದೂರ ಕರೆತಂದ ಕೋಲಿಗೆ ಈ ನಲವತ್ತು ಹೆಜ್ಜೆಗೆ ಮಾತ್ರ ಪ್ರವೇಶವಿರಲಿಲ್ಲ.

ಅವರಿಗೆ ಏನೂ ಕಾಣುವುದಿಲ್ಲವೆಂದಲ್ಲ. ಹತ್ತು ವರ್ಷಗಳಿಂದ ನೋಟ ಅಂಚಿನಿಂದ ಒಳಕ್ಕೆ ಮೆಲ್ಲಗೆ ಮುಚ್ಚಿಕೊಳ್ಳುತ್ತ ಬಂದು, ಈಗ ಒಂದು ಬಳೆಯಷ್ಟು ಉಳಿದಿತ್ತು. ಬಳೆಯೊಳಗೆ ಎಲ್ಲವೂ ಸ್ಪಷ್ಟ: ಸಾಸಿವೆಗಿಂತ ಚಿಕ್ಕ ತಿರುಪು, ಕೂದಲೆಳೆಯಂಥ ಸ್ಪ್ರಿಂಗು. ಹೊರಗೆ ಮಾತ್ರ ಮಂಜು. ಆ ಮಂಜಿನೊಳಗಿಂದ ಒಂದು ಸೈಕಲ್ ಚಕ್ರ, ಯಾರದೋ ಮೊಣಕೈ, ಯಾರದೋ ಅರ್ಧ ನಗು ತೇಲಿಬಂದು ಹಾಗೇ ಕರಗಿಹೋಗುತ್ತಿದ್ದವು. ಎಷ್ಟೋ ಸಲ ಅದು ಚೆಂದವೂ ಇರುತ್ತಿತ್ತು. ಆ ಗುಟ್ಟನ್ನು ಅವರು ಯಾರಿಗೂ ಹೇಳಿರಲಿಲ್ಲ.

"ಕೋಲು ತಂದಿದ್ದು ಚೀಲದಲ್ಲಿ ಮಲಗಿಸೋಕಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ನೀನೇ ಹೇಳು, ಕೋಲು ಹಿಡ್ಕೊಂಡು ಬಂದವನ ಕೈಗೆ ಯಾರಾದ್ರೂ ಗಡಿಯಾರ ಕೊಡ್ತಾರಾ? ಕೊಟ್ರೂ, ನಾನು ಮುಳ್ಳು ಜೋಡಿಸೋದು ನೋಡಿ, ಇವನದೆಲ್ಲ ನಾಟಕ ಅಂತಾರೆ."

"ಜನ ಏನಂತಾರೋ ಅಂತ ದಿನಾ ಕಂಬಕ್ಕೆ ಹಣೆ ಚಚ್ಕೋತೀರಲ್ಲ, ಕಂಬ ಏನಂತು?"

ಅದಕ್ಕೆ ಅವರು ಸುಮ್ಮನೆ ಹಣೆ ಸವರಿಕೊಳ್ಳುತ್ತಿದ್ದರು.

ಒಂದು ಸೋಮವಾರ ಆ ನಲವತ್ತು ಹೆಜ್ಜೆಯ ನಡುವೆ ಮಂಜಿನೊಳಗಿಂದ ಒಬ್ಬ ಹೆಂಗಸು ಬಂದರು. ಬಂದದ್ದು ತಿಳಿಯುವಷ್ಟರಲ್ಲಿ ಡಿಕ್ಕಿಯಾಗಿ, ಆಕೆ ಬಿದ್ದೇಬಿಟ್ಟರು.

"ಕಣ್ಣು ಕಾಣಲ್ವೇನ್ರೀ?"

ನಿಜ ಗಂಟಲವರೆಗೂ ಬಂದಿತ್ತು. ನುಂಗಿಕೊಂಡು, "ಕಾಣುತ್ತಮ್ಮಾ, ಅವಸರದಲ್ಲಿದ್ದೆ" ಎಂದರು.

"ಕಣ್ಣಿದ್ದೂ ಹೀಗೆ ನುಗ್ತೀರಾ? ನಾಚಿಕೆ ಆಗ್ಬೇಕು!"

ನಿಜ ಹೇಳುವುದಕ್ಕಿಂತ ಒರಟನೆನಿಸಿಕೊಳ್ಳುವುದೇ ಅವರಿಗೆ ಸುಲಭವಾಗಿ ಕಂಡಿತು. ತಲೆತಗ್ಗಿಸಿಕೊಂಡು ಅಂಗಡಿ ಸೇರಿದರು.

ಮೂರು ದಿನ ಕಳೆದು ಆಕೆ ಅಂಗಡಿಗೇ ಬಂದರು. ದನಿಯಿಂದಲೇ ಗುರುತು ಹತ್ತಿತು.

"ಬಿದ್ದಾಗ ನಿಂತಿದ್ದು, ಇನ್ನೂ ಓಡ್ತಿಲ್ಲ. ನೀವೇ ನಿಲ್ಸಿದ್ದು, ನೀವೇ ಓಡಿಸ್ಕೊಡಿ" ಎಂದು ಕೈಗಡಿಯಾರವನ್ನು ಮೇಜಿನ ಮೇಲಿಟ್ಟರು.

ಅವರು ಗಡಿಯಾರದಿಂದ ನೋಟವನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು. ಬಿಳಿ ಬ್ಯಾಂಡೇಜು ಕಂಡಿತು. ಬೆರಳ ಬುಡದಿಂದ ಮೊಣಕೈವರೆಗೂ ಅದು ಮುಗಿಯಲೇ ಇಲ್ಲ.

"ಬಲಗೈಯಾ?"

"ಹೂಂ. ನಾನು ಬಟ್ಟೆ ಹೊಲಿಯೋಳು. ಮೂರು ವಾರ ಕತ್ತರಿ ಹಿಡಿಯೋ ಹಾಗಿಲ್ಲ."

ಕೈಯನ್ನೇ ನಂಬಿ ಬದುಕುವವರಿಗೆ ಮೂರು ವಾರವೆಂದರೆ ಏನೆಂದು ಗಡಿಯಾರದವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚೀಲದಿಂದ ಕೋಲು ತೆಗೆದು ಆಕೆಯ ಮುಂದಿಟ್ಟರು.

"ಅವತ್ತು ಸುಳ್ಳು ಹೇಳ್ದೆ. ನನಗೆ ಪಕ್ಕದ್ದು ಕಾಣಲ್ಲ. ಗಿರಾಕಿಗಳು ಹೋಗಿಬಿಡ್ತಾರೆ ಅಂತ ಇದನ್ನ ಬಚ್ಚಿಟ್ಕೊಂಡು ನಡೀತಿದ್ದೆ."

ಆಕೆ ಎಡಗೈಯಿಂದ ಕೋಲನ್ನು ಎತ್ತಿ ನೋಡಿದರು. "ಇದು ಕೈಯಲ್ಲಿದ್ದಿದ್ರೆ ನಾನೇ ಸರ್ಕೋತಿದ್ದೆನಲ್ರೀ" ಎಂದರು. ಆಮೇಲೆ ಅನುಮಾನಿಸುತ್ತ, "ಹಾಗಾದ್ರೆ ಈ ಗಡಿಯಾರ... ನಿಮ್ಮ ಕೈಲಾಗುತ್ತಾ?"

ಹತ್ತು ವರ್ಷ ಅವರು ಹೆದರಿದ್ದು ಇದೊಂದೇ ಪ್ರಶ್ನೆಗೆ.

"ಕೂತು ನೋಡಿ. ಬೇಡ ಅನ್ಸಿದ್ರೆ ತಗೊಂಡ್ಹೋಗಿ."

ಆಕೆ ಕೂತರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ಬಿಚ್ಚಿದರು. ಅಂಗಡಿ ತುಂಬ ಟಿಕ್ ಟಿಕ್ ಸದ್ದು ತುಂಬಿಕೊಂಡಿತ್ತು. ಅದರೊಳಗೆ ಇಬ್ಬರೂ ಎಲ್ಲೋ ತೇಲುತ್ತಿರುವಂತೆ ಅರ್ಧ ಗಂಟೆ ಸರಿಯಿತು. ಕೊನೆಗೆ ಆಕೆಯ ಗಡಿಯಾರವೂ ಆ ಸದ್ದಿಗೆ ಸೇರಿಕೊಂಡಿತು. ಆಕೆ ಕಿವಿಗೆ ಹಿಡಿದು ಕೇಳಿಸಿಕೊಂಡರು.

"ಕೆಲಸ ಚೆನ್ನಾಗಿದೆ. ನಾಳೆಯಿಂದ ಕೋಲು ಹಿಡ್ಕೊಂಡೇ ಬನ್ನಿ. ಇನ್ನೊಬ್ರ ಕೈ ಮುರೀಬೇಡಿ ಮತ್ತೆ."

ಮರುದಿನ ತಿರುವಿನಲ್ಲಿ ಅವರ ಕೈ ತಾನಾಗಿಯೇ ಕೋಲು ಮಡಚಲು ಹೋಯಿತು. ತಡೆದುಕೊಂಡರು. ಟಕ್ ಟಕ್ ಎಂದು ಕೋಲು ಮುಂದೆ ನಡೆಯಿತು, ಎದೆ ಅದಕ್ಕಿಂತ ಜೋರಾಗಿ ಬಡಿಯುತ್ತಿತ್ತು. ಮಂಜಿನೊಳಗೆ ಹೆಜ್ಜೆಗಳು ಅತ್ತಿತ್ತ ಸರಿದವು. ಯಾರೋ ಪೆಟ್ಟಿಗೆ ಎಳೆದು ದಾರಿ ಬಿಟ್ಟರು. ಅಂಗಡಿ ಮುಂದೆ ಕಾಯುತ್ತಿದ್ದವನೊಬ್ಬ ಕೋಲು ಕಂಡು, "ಆಮೇಲೆ ಬರ್ತೀನಿ" ಎಂದು ಹೊರಟೇಹೋದ. ಅವರಿಗೆ ನೋವಾಯಿತು. ಆದರೂ ಕೋಲು ಮಡಚಲಿಲ್ಲ.

"ಸಾರ್!" ಪಕ್ಕದ ಕ್ಷೌರದಂಗಡಿಯವರ ದನಿ. "ನಿಮಗೆ ಕಾಣ್ತಿರ್ಲಿಲ್ವಾ? ಅಯ್ಯೋ, ಎಷ್ಟು ವರ್ಷ ದಿನಾ ಕೈ ಎತ್ತಿ ಸನ್ನೆ ಮಾಡ್ತಿದ್ದೆ! ನೀವು ತಿರುಗಿ ಕೂಡ ನೋಡ್ಲಿಲ್ಲ. ಜಂಬದ ಮನುಷ್ಯ ಅಂತ ಬೈಕೊಂಡು ನಿಲ್ಸಿಬಿಟ್ಟೆ."

ಗಡಿಯಾರದವರ ಕಣ್ಣು ತುಂಬಿ ಬಂತು.

"ಈಗ ಒಂದ್ಸಲ ಎತ್ತಿ" ಎಂದರು.

ದನಿ ಬಂದ ಕಡೆಗೆ ಮೆಲ್ಲಗೆ ಮುಖ ತಿರುಗಿಸಿದರು. ಬಾಗಿಲ ಚೌಕಟ್ಟು ಬಂತು, ಬಾಚಣಿಗೆ ಸಿಕ್ಕಿಸಿದ ಜೇಬು ಬಂತು, ಒಂದು ಮೊಣಕೈ ಬಂತು. ಆಮೇಲೆ, ಸೋಪಿನ ನೊರೆ ಮೆತ್ತಿಕೊಂಡಿದ್ದ ಅಂಗೈ. ಅದು ಹಾಗೇ ಮೇಲೆ ನಿಂತಿತ್ತು, ಕಾಯುತ್ತ.

ಅವರೂ ಕೈ ಎತ್ತಿದರು.